ಮೊದಲ ಟ್ರಯಥ್ಲಾನ್: ಯಾವ ದೂರ, ಯಾವ ಸೈಕಲ್, ಯಾವ ನೀರು?

ಈಜುಕೊಳದ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ, ತಲೆ ಒರೆಸಿಕೊಳ್ಳುತ್ತಾ ಯಾರಾದರೊಬ್ಬರು ಕೇಳುತ್ತಾರೆ: "ಸರ್, ಸ್ಪ್ರಿಂಟ್ ಮಾಡ್ಲಾ, ಒಲಿಂಪಿಕ್ ಮಾಡ್ಲಾ, ಇಲ್ಲಾ ಸೀದಾ ಗೋವಾಕ್ಕೇ ಹೋಗ್ಬಿಡ್ಲಾ?" ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ರೇಸು; ಸ್ಪ್ರಿಂಟ್, ಒಲಿಂಪಿಕ್ ಅದರ ಬೇರೆ ಬೇರೆ ದೂರಗಳು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಗೋವಾದ ಐರನ್‌ಮ್ಯಾನ್ 70.3 ಎಂಬ ಉದ್ದದ ರೇಸು ಮುಗಿಸಿದ ಮೇಲಂತೂ ಈ ಮೂರನೇ ಆಯ್ಕೆ ಎಲ್ಲರ ಬಾಯಲ್ಲೂ ಇದೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: "ಯಾವ ಸೈಕಲ್ ತಗೊಳ್ಲಿ?"

ನಾನು ಕೋಚ್ ಅಲ್ಲ. ನಲವತ್ತು ದಾಟಿದ ಮೇಲೆ ಮೊದಲ ಸ್ಪ್ರಿಂಟ್ ಮುಗಿಸಿದವನು, ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿ ಕಲಿತವನು. ನನ್ನ ಅನುಭವದಲ್ಲಿ ಜನ ಲೆಕ್ಕವನ್ನು ತಲೆಕೆಳಗೆ ಹಾಕುತ್ತಾರೆ. ಮೊದಲು ಸೈಕಲ್, ಆಮೇಲೆ ಶೂ, ಕೊನೆಗೆ "ಈಜು ಹೇಗೋ ಆಗುತ್ತೆ ಬಿಡಿ". ಆದರೆ ಯಾವ ರೇಸ್ ನಿಮಗೆ ಸರಿ ಅನ್ನುವುದನ್ನು ಹೇಳುವುದು ನಿಮ್ಮ ಈಜು. ಸೈಕಲ್ ಅಲ್ಲ.

ಮೊದಲು ದೂರಗಳನ್ನು ನೋಡಿಬಿಡೋಣ. ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ಇದರ ಎರಡು ಪಟ್ಟು: 1.5 ಕಿ.ಮೀ., 40 ಮತ್ತು 10. ಸಿಡ್ನಿಯಲ್ಲಿ 2000ರಲ್ಲಿ ಒಲಿಂಪಿಕ್ಸ್‌ಗೆ ಈ ಆಟ ಸೇರಿದ್ದು ಇದೇ ದೂರದಲ್ಲಿ. ಹಾಫ್, ಅಂದರೆ ಅರ್ಧ ಐರನ್‌ಮ್ಯಾನ್, 1.9, 90, 21.1. ಇದನ್ನೇ ಮೈಲಿಗೆ ಬದಲಿಸಿ ಕೂಡಿದರೆ 70.3 ಬರುತ್ತದೆ, ಆ ಹೆಸರಿನ ಗುಟ್ಟು ಅಷ್ಟೇ. ಪೂರ್ತಿ ಐರನ್‌ಮ್ಯಾನ್ 3.8, 180, 42.2. ಅದು 1978ರಲ್ಲಿ ಹವಾಯಿಯಲ್ಲಿ ಹದಿನೈದು ಜನ ಹೊರಟು ಹನ್ನೆರಡು ಜನ ಮುಗಿಸಿದ ರೇಸಿನಿಂದ ಶುರುವಾದದ್ದು. ಮೊದಲ ಸಲದವರ ಪಟ್ಟಿಯಲ್ಲಿ ಅದನ್ನು ನಾನು ಸೇರಿಸುವುದಿಲ್ಲ.

ಅಳತೆಗೋಲು

ಆಯ್ಕೆಗೆ ಮೊದಲು ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸುಮ್ನೆ ಮನಸ್ಸಲ್ಲಿ ಇಟ್ಟುಕೊಂಡರೆ ಸುಳ್ಳು ಹೇಳಿಕೊಳ್ಳುತ್ತೇವೆ.

ಒಂದು, ಈಜು. ಈ ವಾರ ಕೊಳಕ್ಕೆ ಹೋಗಿ ನಿಲ್ಲದೆ ಎಷ್ಟು ಮೀಟರ್ ಈಜುತ್ತೀರಿ ನೋಡಿ. ಗೋಡೆ ಹಿಡಿದು ಒಂದು ನಿಮಿಷ ಉಸಿರು ತಗೊಂಡರೆ ಲೆಕ್ಕ ಅಲ್ಲಿಗೆ ಮುಗಿಯಿತು. 25 ಮೀಟರ್ ಕೊಳದಲ್ಲಿ 16 ಸಲ ದಾಟಿದರೆ 400 ಮೀಟರ್. ಸ್ಪ್ರಿಂಟ್‌ಗೆ ಇಳಿಯಲು ಇದು ನನ್ನ ಗೆರೆ.

ಎರಡು, ವಾರಕ್ಕೆ ಎಷ್ಟು ಗಂಟೆ ನಿಜವಾಗಿ ಸಿಗುತ್ತದೆ. ಆಫೀಸು, ಮಕ್ಕಳ ಸ್ಕೂಲ್ ವ್ಯಾನು, ಭಾನುವಾರದ ಮದುವೆ ಮುಂಜಿ ಎಲ್ಲ ಕಳೆದು ಉಳಿದದ್ದು.

ಮೂರು, ದುಡ್ಡು. ಪ್ರವೇಶ ಶುಲ್ಕ ಮಾತ್ರವಲ್ಲ. ಕೊಳದ ತಿಂಗಳ ಫೀಸು, ಸೈಕಲ್ಲನ್ನು ಊರಿಂದ ಊರಿಗೆ ಸಾಗಿಸುವ ಖರ್ಚು, ಎರಡು ರಾತ್ರಿ ರೂಮು.

ನಾಲ್ಕು, ಮೈ. ನಲವತ್ತು ದಾಟಿದ್ದರೆ, ಬಿಪಿ ಶುಗರ್ ಇದ್ದರೆ, ಮನೆಯಲ್ಲಿ ಹೃದಯದ ಕಾಯಿಲೆ ಬಂದವರಿದ್ದರೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಟ್ರಯಥ್ಲಾನ್‌ನಲ್ಲಿ ಜೀವ ಹೋಗುವುದು ಬಹಳ ಅಪರೂಪ, ಆದರೆ ಹೋದವುಗಳಲ್ಲಿ ಹೆಚ್ಚಿನವು ಈಜುವಾಗಲೇ ಆಗಿವೆ. ಹೆದರಿಸಲು ಹೇಳುತ್ತಿಲ್ಲ. ನೀರಿನಲ್ಲಿ ಎದೆ ಹಿಡಿದುಕೊಂಡರೆ ರಸ್ತೆ ಬದಿಯಲ್ಲಿ ಕೂತಂತೆ ಕೂರಲಾಗದು, ಅಷ್ಟೇ.

ಈಜು ಬಾರದಿದ್ದರೆ: ಡುಯಥ್ಲಾನ್ ಅಥವಾ ರಿಲೇ

50 ಮೀಟರ್‌ಗೇ ಏದುಸಿರು ಬಂದರೆ ಮೂರು ತಿಂಗಳಲ್ಲಿ ಟ್ರಯಥ್ಲಾನ್ ಎಂದು ಹೆಸರು ನೋಂದಾಯಿಸಬೇಡಿ. ದೊಡ್ಡವರಾದ ಮೇಲೆ ಈಜು ಕಲಿಯಲು ಆರು ತಿಂಗಳು ಹಿಡಿಯುವುದು ಮಾಮೂಲು. ಅಲ್ಲಿಯವರೆಗೆ ಡುಯಥ್ಲಾನ್ ಇದೆ: ಓಟ, ಸೈಕಲ್, ಮತ್ತೆ ಓಟ. ಬಟ್ಟೆ ಬದಲಿಸುವ ಜಾಗದ ಗಡಿಬಿಡಿ, ಸೈಕಲ್ ಇಳಿದ ಮೇಲೆ ಓಡುವ ಕಷ್ಟ, ರೇಸಿನ ನಿಯಮ, ಎಲ್ಲ ಇಲ್ಲೇ ಅಭ್ಯಾಸವಾಗುತ್ತದೆ. ಖರ್ಚೂ ಕಡಿಮೆ. ಒಂದು ತೊಂದರೆ ಇದೆ, ಮಂಡಿಗೆ ಓಟ ಎರಡು ಸಲ ಬೀಳುತ್ತದೆ. ಮಂಡಿ ನೋವಿನವರಿಗೆ ಟ್ರಯಥ್ಲಾನ್‌ಗಿಂತ ಇದೇ ಕಷ್ಟ.

ರಿಲೇಯಲ್ಲಿ ಒಬ್ಬರು ಈಜುತ್ತಾರೆ, ಒಬ್ಬರು ತುಳಿಯುತ್ತಾರೆ, ಒಬ್ಬರು ಓಡುತ್ತಾರೆ. ಗೋವಾದಲ್ಲೂ ರಿಲೇ ಇದೆ. ತೇಜಸ್ವಿ ಸೂರ್ಯ ಅವರೂ ಒಬ್ಬರೇ ಪೂರ್ತಿ ಮುಗಿಸುವ ಮೊದಲು ಅಲ್ಲೇ ರಿಲೇ ತಂಡದಲ್ಲಿ ಸೈಕಲ್ ತುಳಿದವರು. ದೊಡ್ಡ ರೇಸಿನ ವಾತಾವರಣ ಹೇಗಿರುತ್ತದೆ ಅಂತ ನೋಡಬೇಕು, ಆದರೆ ಇನ್ನೂ ತಯಾರಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸ್ಪ್ರಿಂಟ್

400 ಮೀಟರ್ ನಿಲ್ಲದೆ ಬರುತ್ತದೆ, ವಾರಕ್ಕೆ ಐದಾರು ಗಂಟೆ ಸಿಗುತ್ತದೆ ಅಂದರೆ 10ರಿಂದ 12 ವಾರ ಸಾಕು. ವಾರಕ್ಕೆ ಎರಡು ಈಜು, ಎರಡು ಸೈಕಲ್, ಎರಡು ಓಟ, ಒಂದು ದಿನ ಪೂರ್ತಿ ರಜ. ಹೆಚ್ಚಿನ ದಿನ ಬೆಳಗ್ಗೆ ಏಳರೊಳಗೆ ಮುಗಿಯುತ್ತದೆ. ಮನೆಯವರಿಗೆ ನೀವು ಎದ್ದದ್ದೂ ಗೊತ್ತಾಗುವುದಿಲ್ಲ.

ಮೊದಲ ಸಲದವರು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆಯೊಳಗೆ ಮುಗಿಸುತ್ತಾರೆ. ಇದರಲ್ಲಿ ಇನ್ನೊಂದು ಅನುಕೂಲವಿದೆ. ತಪ್ಪು ಮಾಡಿದರೂ ರೇಸು ಕೈಬಿಟ್ಟು ಹೋಗುವುದಿಲ್ಲ. ನನ್ನ ಮೊದಲ ಸ್ಪ್ರಿಂಟ್‌ನಲ್ಲಿ 12ನೇ ಕಿ.ಮೀ. ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಸೀಟಿನ ಕೆಳಗಿನ ಚೀಲದಲ್ಲಿ ಹೊಸ ಟ್ಯೂಬ್ ಇತ್ತು, ಪಂಪ್ ಇತ್ತು, ಎರಡು ಟಯರ್ ಲಿವರ್ ಇತ್ತು. ಇಲ್ಲದಿದ್ದದ್ದು ಬದಲಿಸಿ ಗೊತ್ತಿರುವ ಕೈ. ಚೈನಿನ ಎಣ್ಣೆ ಮೊಣಕೈವರೆಗೆ ಬಳಿದುಕೊಂಡು, ಟಯರಿನ ಅಂಚು ರಿಮ್ಮಿನೊಳಗೆ ಕೂರದೆ, ಕೂತರೆ ಇನ್ನೊಂದು ಕಡೆ ಹೊರಬಂದು, ಕಬ್ಬಿನ ಗದ್ದೆ ಬದಿಯಲ್ಲಿ ಇಪ್ಪತ್ತೈದು ನಿಮಿಷ ಕಳೆದೆ. ಎಮ್ಮೆ ಮೇಯಿಸುತ್ತಿದ್ದ ಹುಡುಗನೊಬ್ಬ ಬಂದು, ಒಂದು ನಿಮಿಷ ಸುಮ್ಮನೆ ನೋಡಿ, "ಗಾಳಿ ಸ್ವಲ್ಪ ಹಾಕಿ ಆಮೇಲೆ ಕೂರ್ಸಿ ಅಣ್ಣ" ಅಂದ. ಕೂತಿತು. ಅಷ್ಟಾದರೂ ರೇಸು ಮುಗಿಸಿದೆ. ಹಾಫ್‌ನಲ್ಲಾಗಿದ್ದರೆ ಆ ಇಪ್ಪತ್ತೈದು ನಿಮಿಷಕ್ಕೆ ಗಡುವು ಮೀರಿತು ಅಂತ ಮನೆಗೆ ಕಳಿಸುತ್ತಿದ್ದರೇನೋ.

ಸಂದೇಹದಲ್ಲಿರುವ ಹತ್ತರಲ್ಲಿ ಏಳು ಜನಕ್ಕೆ ನಾನು ಹೇಳುವುದು ಸ್ಪ್ರಿಂಟ್.

ಒಲಿಂಪಿಕ್

ಇದು ಯಾರಿಗೆ? ಆಗಲೇ 10 ಕಿ.ಮೀ. ಓಡುವವರಿಗೆ, ಭಾನುವಾರ ನಂದಿ ಬೆಟ್ಟಕ್ಕೋ ಚಾಮುಂಡಿ ಬೆಟ್ಟಕ್ಕೋ ಸೈಕಲ್ ತುಳಿಯುವವರಿಗೆ, ಮತ್ತು 800 ಮೀಟರ್ ಆರಾಮಾಗಿ ಈಜುವವರಿಗೆ. ವಾರಕ್ಕೆ ಏಳರಿಂದ ಒಂಬತ್ತು ಗಂಟೆ, ನಾಲ್ಕು ತಿಂಗಳು. ಮುಗಿಸಲು ಮೂರರಿಂದ ನಾಲ್ಕು ಗಂಟೆ. ಎರಡು ಗಂಟೆ ದಾಟಿದ ಮೇಲೆ ಬಿಸಿಲು, ನೀರು, ಊಟದ ಲೆಕ್ಕ ಶುರುವಾಗುತ್ತದೆ. ಸ್ಪ್ರಿಂಟ್‌ನಲ್ಲಿ ಒಂದು ಬಾಟಲಿ ನೀರಿನಲ್ಲಿ ದಾಟಿಬಿಡಬಹುದು, ಇಲ್ಲಿ ಆಗದು. ಮ್ಯಾರಥಾನ್ ಓಡಿದವರು ನೇರವಾಗಿ ಇಲ್ಲಿಗೆ ಬಂದರೆ ತಪ್ಪಿಲ್ಲ, ಈಜು ಇದ್ದರೆ.

ಗೋವಾ, ಅಂದರೆ ಹಾಫ್

ಇಲ್ಲಿ ಆಸೆ ಜಾಸ್ತಿ, ಹಾಗಾಗಿ ಲೆಕ್ಕವನ್ನೂ ಜಾಸ್ತಿ ಹಾಕೋಣ. 2019ರಲ್ಲಿ ಶುರುವಾದ ರೇಸು, ಪಣಜಿಯ ಮಿರಾಮಾರ್ ಬೀಚ್‌ನಲ್ಲಿ ಈಜು. ಮುಗಿಸಲು ಕೊಡುವ ಒಟ್ಟು ಸಮಯ 8 ಗಂಟೆ 30 ನಿಮಿಷ. ಈಜಿಗೆ 1 ಗಂಟೆ 10 ನಿಮಿಷ. ಸೈಕಲ್ ಮುಗಿಸಲು 70.3 ರೇಸುಗಳಲ್ಲಿ ಸಾಮಾನ್ಯವಾಗಿ ಶುರುವಿನಿಂದ 5 ಗಂಟೆ 30 ನಿಮಿಷ ಕೊಡುತ್ತಾರೆ. ಸಂಸದರು 2024ರಲ್ಲಿ ಮುಗಿಸಿದ್ದು 8 ಗಂಟೆ 27 ನಿಮಿಷಕ್ಕೆ. ಗಡುವಿಗೆ ಮೂರು ನಿಮಿಷ ಬಾಕಿ ಇರುವಾಗ ಗೆರೆ ದಾಟುವುದು ಹೇಗಿರುತ್ತದೆ ಊಹಿಸಿಕೊಳ್ಳಿ.

ಈಗ ನಿಮ್ಮ ಲೆಕ್ಕ. ಈಜು 1 ಗಂಟೆ 5 ನಿಮಿಷ ಅಂತಿಟ್ಟುಕೊಳ್ಳಿ. ಮರಳು ಒರೆಸಿಕೊಂಡು ಸೈಕಲ್ ಹತ್ತಲು 8 ನಿಮಿಷ. ಗಂಟೆಗೆ 21 ಕಿ.ಮೀ. ವೇಗದಲ್ಲಿ 90 ಕಿ.ಮೀ. ತುಳಿಯಲು 4 ಗಂಟೆ 17 ನಿಮಿಷ. ಕೂಡಿದರೆ ಸರಿಯಾಗಿ ಐದೂವರೆ ಗಂಟೆ. ಒಂದು ಪಂಕ್ಚರ್ ಆದರೂ ಮುಗಿಯಿತು. ಅದೇ 25ರ ವೇಗ ಇದ್ದರೆ 3 ಗಂಟೆ 36 ನಿಮಿಷ, ಕೈಯಲ್ಲಿ ನಲವತ್ತು ನಿಮಿಷ ಉಳಿಯುತ್ತದೆ. ಆಮೇಲೆ ಕರಾವಳಿಯ ಬಿಸಿಲಲ್ಲಿ 21 ಕಿ.ಮೀ. ಓಡಬೇಕು. ಮೈಸೂರಿನ ತಂಪು ಬೆಳಗಿನಲ್ಲಿ ತಯಾರಾದವರಿಗೆ ಅಲ್ಲಿಯ ಸೆಕೆ ಬೇರೆಯೇ ಪ್ರಾಣಿ. ಬೆವರು ಆರುವುದೇ ಇಲ್ಲ.

ಆರು ತಿಂಗಳು, ವಾರಕ್ಕೆ ಹತ್ತು ಹನ್ನೆರಡು ಗಂಟೆ. ಶನಿವಾರ ಬೆಳಗ್ಗೆ ಸೈಕಲ್ ಹತ್ತಿದರೆ ಹತ್ತೂವರೆಗೆ ಇಳಿಯುವುದು, ಭಾನುವಾರ ಉದ್ದದ ಓಟ, ಮಧ್ಯಾಹ್ನ ನಿದ್ದೆ. ಹಬ್ಬಕ್ಕೆ ಊರಿಗೆ ಹೋದರೂ ಸೈಕಲ್ ಜೊತೆಗೇ. ಮನೆಯಲ್ಲಿ ಮೊದಲೇ ಕೂತು ಮಾತಾಡಿಕೊಳ್ಳದಿದ್ದರೆ ಎರಡನೇ ತಿಂಗಳಲ್ಲಿ ಜಗಳ ಗ್ಯಾರಂಟಿ. ಪ್ರವೇಶ ಶುಲ್ಕ, ಪ್ರಯಾಣ, ರೂಮು ಸೇರಿ ಖರ್ಚೂ ಸ್ಪ್ರಿಂಟ್‌ನ ಹಲವು ಪಟ್ಟು. ಇಷ್ಟೆಲ್ಲ ಗೊತ್ತಿದ್ದೂ ಹೋಗುತ್ತೇನೆ ಅಂದರೆ ಹೋಗಿ. ನಡುವೆ ಒಂದು ಸ್ಪ್ರಿಂಟ್ ಮಾಡಿಕೊಂಡು ಹೋಗಿ.

ಸೈಕಲ್

ನಾನು ರೋಡ್ ಬೈಕ್ ತಗೊಳ್ತೀನಿ ಅಂದಾಗ ಅಮ್ಮ ಪೆಟ್ರೋಲ್ ಬೈಕ್ ಅಂದ್ಕೊಂಡರು. ಬೆಲೆ ಕೇಳಿದ ಮೇಲೆ ಅದೇ ವಾಸಿಯಿತ್ತು ಅಂದರು.

ಮನೆಯಲ್ಲಿ ಗೇರ್ ಸೈಕಲ್ ಇದೆಯಾ? ದಪ್ಪ ಟಯರಿನದ್ದಾದರೂ ಪರವಾಗಿಲ್ಲ, ಸ್ಪ್ರಿಂಟ್‌ಗೆ ಅದೇ ಸಾಕು. ಟಯರನ್ನು ಸಣ್ಣ, ನುಣ್ಣನೆಯದಕ್ಕೆ ಬದಲಿಸಿ, ಬ್ರೇಕ್ ಸರಿ ಮಾಡಿಸಿ. ಎರಡು ಮೂರು ಸಾವಿರದಲ್ಲಿ ಮುಗಿಯುವ ಕೆಲಸ. ಏನೂ ಇಲ್ಲದವರಿಗೆ ಹೈಬ್ರಿಡ್ ಇದೆ. ನೆಟ್ಟಗಿನ ಹ್ಯಾಂಡಲ್, ನೆಟ್ಟಗೆ ಕೂರುವ ಬೆನ್ನು. ಹದಿನೈದು ಸಾವಿರದಿಂದ ಮೂವತ್ತು ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ, ಆಮೇಲೆ ತರಕಾರಿ ತರಲೂ ಆಗುತ್ತದೆ. ಬಾಗಿದ ಹ್ಯಾಂಡಲಿನ ರೋಡ್ ಸೈಕಲ್ ಹೊಸದು ನಲವತ್ತು ಐವತ್ತು ಸಾವಿರದ ಆಸುಪಾಸಿನಿಂದ ಶುರು.

ವ್ಯತ್ಯಾಸ ಎಷ್ಟು? ಅದೇ ಕಾಲಿನ ಬಲಕ್ಕೆ ಹೈಬ್ರಿಡ್ 21 ಓಡಿದರೆ ರೋಡ್ ಸೈಕಲ್ 25 ಓಡುತ್ತದೆ ಅಂತ ಇಟ್ಟುಕೊಳ್ಳೋಣ. 20 ಕಿ.ಮೀ.ಗೆ ಒಂಬತ್ತು ನಿಮಿಷ ಉಳಿತಾಯ. ಒಂಬತ್ತು ನಿಮಿಷಕ್ಕೆ ಮೂವತ್ತು ಸಾವಿರ ಹೆಚ್ಚು ಕೊಡಬೇಕಾ? ಸ್ಪ್ರಿಂಟ್‌ಗೆ ಬೇಡ. ಹಾಫ್‌ಗೆ ಮೇಲಿನ ಲೆಕ್ಕ ನೋಡಿದಿರಲ್ಲ, ಅಲ್ಲಿ ಅದೇ ವ್ಯತ್ಯಾಸ ನಲವತ್ತೊಂದು ನಿಮಿಷ. ಅಲ್ಲಿ ರೋಡ್ ಸೈಕಲ್ ಬೇಕೇ ಬೇಕು.

ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ, ಅಳತೆ ಸರಿ ಇದ್ದರೆ ಮಾತ್ರ. ನನಗೆ ಮಾರಿದವರು "ಸೀಟು ಇಳಿಸಿದರಾಯ್ತು ಸರ್" ಅಂದರು. ಸೀಟು ಇಳಿಯಿತು, ಫ್ರೇಮಿನ ಉದ್ದ ಇಳಿಯಲಿಲ್ಲ. ಹ್ಯಾಂಡಲ್ ಹಿಡಿಯಲು ಚಾಚಿ ಚಾಚಿ ಎರಡು ತಿಂಗಳು ಕತ್ತು, ಸೊಂಟ ಹಿಡಿದುಕೊಂಡಿತು. ಸಿಕ್ಕ ಬೆಲೆಗೆ ಮಾರಿದೆ. ಸೈಕಲ್ಲಿನ ಮೇಲೆ ಕಾಲು ಹರಡಿ ನಿಂತು ನೋಡಿ, ಹತ್ತು ಕಿ.ಮೀ. ತುಳಿದು ನೋಡಿ, ಆಮೇಲೆ ದುಡ್ಡು ಕೊಡಿ. ವಿಜಯಪುರ, ಬಾಗಲಕೋಟೆ, ಗದಗ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಅಲ್ಲಿ ಸೈಕಲ್ ಓಡಿಸುವುದು ಊರಿನ ವಿದ್ಯೆ, ರಾಜ್ಯಕ್ಕೆ ಪದಕ ತಂದ ಹುಡುಗ ಹುಡುಗಿಯರು ಪಕ್ಕದ ಬೀದಿಯಲ್ಲೇ ಸಿಗುತ್ತಾರೆ. ಹೋಗಿ ಕೇಳಿ.

ಕಾಲನ್ನು ಪೆಡಲಿಗೆ ಸಿಕ್ಕಿಸುವ ಶೂ ಮೊದಲ ರೇಸಿಗೆ ಬೇಡ. ಓಡುವ ಶೂವಿನಲ್ಲೇ ತುಳಿದರೆ ಇಳಿದ ಮೇಲೆ ಶೂ ಬದಲಿಸುವ ಕೆಲಸವೂ ಇಲ್ಲ. ಹೆಲ್ಮೆಟ್ ಮಾತ್ರ ಕಡ್ಡಾಯ. ಪಟ್ಟಿ ಸಿಕ್ಕಿಸಿದ ಮೇಲೇ ಸೈಕಲ್ ಮುಟ್ಟಬೇಕು, ಇಲ್ಲದಿದ್ದರೆ ದಂಡ ಅಥವಾ ಹೊರಗೆ.

ಕೊಳವೋ, ಕೆರೆಯೋ, ಬಾವಿಯೋ

ನಮ್ಮಲ್ಲಿ ಎರಡು ಥರದ ಈಜುಗಾರರಿದ್ದಾರೆ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವರು ಒಂದು ಥರ. ಕೋಚ್ ಶಿಳ್ಳೆಗೆ ಕೊಳದಲ್ಲಿ ಕಲಿತವರು ಇನ್ನೊಂದು.

ಬಾವಿಯವರಿಗೆ ಆಳ ಕಂಡರೆ ಭಯವಿಲ್ಲ. ಆದರೆ ತಲೆ ನೀರಿನ ಮೇಲೇ ಇರುತ್ತದೆ. ತಲೆ ಮೇಲೆದ್ದಷ್ಟು ಕಾಲು ಕೆಳಗಿಳಿಯುತ್ತದೆ, ಕಾಲು ಇಳಿದರೆ ಗುಡ್ಡ ಹತ್ತಿದಂತೆ ಈಜಬೇಕು. ಇನ್ನೂರು ಮೀಟರಿಗೆ ತೋಳು ಸೋತುಹೋಗುತ್ತದೆ. ಇವರು ದುಡ್ಡು ಕೊಡಬೇಕಾದದ್ದು ಕೊಳಕ್ಕೆ ಮತ್ತು ಒಬ್ಬ ಒಳ್ಳೆಯ ಮೇಷ್ಟ್ರಿಗೆ. ಮುಖ ಮುಳುಗಿಸಿ ನೀರೊಳಗೆ ಉಸಿರು ಬಿಡುವುದು, ಪಕ್ಕಕ್ಕೆ ತಿರುಗಿ ತಗೊಳ್ಳುವುದು, ಇದೊಂದು ಕಲಿತರೆ ದೂರ ತಾನಾಗಿ ಬರುತ್ತದೆ. ಮೈಸೂರಿನ ಸರಸ್ವತಿಪುರದ ವಿಶ್ವವಿದ್ಯಾನಿಲಯದ ಕೊಳ, ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್, ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳ ಇಂಥ ಕಡೆ ಉದ್ದದ ಅಭ್ಯಾಸಕ್ಕೆ ಜಾಗ ಸಿಗುತ್ತದೆ. ಅಪಾರ್ಟ್‌ಮೆಂಟಿನ ಹದಿನೈದು ಮೀಟರ್ ಕೊಳದಲ್ಲಿ ಈಜಿಗಿಂತ ತಿರುಗುವುದೇ ಜಾಸ್ತಿ.

ಕೊಳದವರ ಕಥೆ ಉಲ್ಟಾ. ಶೈಲಿ ಚೆನ್ನಾಗಿದೆ, ಕೆಳಗೆ ನೀಲಿ ಟೈಲ್ಸ್, ಕಪ್ಪು ಗೆರೆ ಕಂಡರೆ ಮಾತ್ರ. ನಾನು ಈ ಜಾತಿ. ಮೊದಲ ಸಲ ಕೆರೆಗೆ ಇಳಿದಾಗ ಕೈ ಮುಂದೆ ಚಾಚಿದರೆ ಮೊಣಕೈಯಾಚೆ ಏನೂ ಕಾಣಲಿಲ್ಲ. ಚಹಾದ ಬಣ್ಣದ ನೀರು. ಪಾದಕ್ಕೆ ಏನೋ ಜೊಂಡು ತಾಗಿತು. ಪಕ್ಕದವರ ಕೈ ಕನ್ನಡಕಕ್ಕೆ ಬಡಿದು ಒಂದು ಕಣ್ಣಿಗೆ ನೀರು ತುಂಬಿತು. ಎದೆ ಢವಢವ. ಕೊಳದಲ್ಲಿ ಸಾವಿರ ಮೀಟರ್ ಈಜುವವನು ಎಂಬತ್ತು ಮೀಟರಿಗೆ ಕಾವಲಿನ ಪುಟ್ಟ ದೋಣಿ (ಕಯಾಕ್) ಹಿಡಿದು ನೇತಾಡಿದೆ. ಹಿಡಿಯುವುದು ತಪ್ಪಲ್ಲ, ನಿಯಮದಲ್ಲೇ ಅವಕಾಶವಿದೆ. ಅದನ್ನು ಹಿಡಿದುಕೊಂಡು ಮುಂದೆ ಸಾಗುವಂತಿಲ್ಲ ಅಷ್ಟೇ. ಬೆನ್ನ ಮೇಲೆ ತೇಲಬಹುದು, ಬ್ರೆಸ್ಟ್ ಸ್ಟ್ರೋಕ್ ಹೊಡೆಯಬಹುದು, ಯಾರೂ ಏನೂ ಅನ್ನುವುದಿಲ್ಲ. ಇಂಥವರಿಗೆ ರೇಸಿಗೆ ಮೊದಲು ಕನಿಷ್ಠ ಮೂರು ಸಲ ತೆರೆದ ನೀರು ಬೇಕು.

ಆದರೆ ಎಲ್ಲಿ? ಬೆಂಗಳೂರಿನ ಕೆರೆಗಳಲ್ಲಿ ಚರಂಡಿ ನೀರು, ಮರೆತುಬಿಡಿ. ಶ್ರೀರಂಗಪಟ್ಟಣದ ಕಾವೇರಿ ಹತ್ತಿರವೇ ಇದೆ ಅಂತ ಇಳಿಯಬೇಡಿ, ರಂಗನತಿಟ್ಟಿನಲ್ಲಿ ದೋಣಿಯಿಂದ ಫೋಟೊ ತೆಗೆಯುತ್ತೀರಲ್ಲ, ಆ ಮೊಸಳೆಗಳಿಗೆ ಗಡಿ ಗೊತ್ತಿಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಸಮುದ್ರವಿದೆ, ಮಳೆಗಾಲದಲ್ಲಿ ಮಾತ್ರ ಅದರ ಹತ್ತಿರ ಹೋಗಬಾರದು. ಅನುಮತಿ ಇರುವ ಜಾಗ, ದೋಣಿ, ಜೊತೆಗೆ ನಾಲ್ಕು ಜನ, ಸೊಂಟಕ್ಕೆ ಕಟ್ಟುವ ಬಣ್ಣದ ತೇಲುಬುರುಡೆ, ಇಷ್ಟೂ ಇದ್ದರೆ ಇಳಿಯಿರಿ. ಟ್ರಯಥ್ಲಾನ್ ಗುಂಪುಗಳು ವಾರಾಂತ್ಯದಲ್ಲಿ ಹೀಗೆ ಏರ್ಪಾಡು ಮಾಡುತ್ತವೆ, ಕೊಳದಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಅದೂ ಆಗದಿದ್ದರೆ ಕೊಳದ ನಡುವೆಯೇ ಕಣ್ಣು ಮುಚ್ಚಿಕೊಂಡು ಹತ್ತು ಸಲ ಕೈ ಬೀಸಿ, ಆಮೇಲೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ದಿಕ್ಕು ನೋಡಿ. ಎಷ್ಟು ಸೊಟ್ಟ ಹೋಗಿರುತ್ತೀರಿ ಅಂತ ನಗು ಬರುತ್ತದೆ. ಇನ್ನೊಂದು ಉಪಾಯ, ಮೊದಲ ಸ್ಪ್ರಿಂಟ್‌ಗೆ ಕೊಳದಲ್ಲೇ ಈಜು ನಡೆಸುವ ರೇಸನ್ನು ಹುಡುಕುವುದು. ಅಂಥವೂ ನಡೆಯುತ್ತವೆ.

ಕೋಚ್ ಬೇಕಾ?

ಈಜಿಗೆ ಬೇಕು. ಓಟಕ್ಕೆ, ಸೈಕಲ್ಲಿಗೆ ಸ್ಪ್ರಿಂಟ್ ಮಟ್ಟದಲ್ಲಿ ಬೇಡ, ಜೊತೆಗಾರರು ಸಾಕು. ಹಾಫ್‌ಗೆ ಪೂರ್ತಿ ಕೋಚ್ ಇಟ್ಟುಕೊಂಡರೆ ಗಾಯ ಕಡಿಮೆ. ನಿಮ್ಮ ಹತ್ತಿರ ಇಪ್ಪತ್ತು ಸಾವಿರ ಮಾತ್ರ ಇದೆ ಅಂದರೆ ಹೀಗೆ ಹಂಚಿ: ಮೂರು ತಿಂಗಳ ಕೊಳ ಮತ್ತು ಮೇಷ್ಟ್ರು ಮೊದಲು, ಓಡುವ ಒಳ್ಳೆಯ ಶೂ ಆಮೇಲೆ, ಹೆಲ್ಮೆಟ್ ಮತ್ತು ಈಜಿನ ಕನ್ನಡಕ ಆಮೇಲೆ. ಸೈಕಲ್ ಇರುವುದೇ ಸಾಕು, ಇಲ್ಲದಿದ್ದರೆ ಗೆಳೆಯರದ್ದು ಕೇಳಿ. ವಾಚು ಬೇಡ.

ರೇಸಿನ ನಡುವೆ ಶಕ್ತಿಗೆ ಹೀರುವ ಜೆಲ್ ಕೊಳ್ಳಬೇಕಾ ಅಂತಲೂ ಕೇಳುತ್ತಾರೆ. ಒಲಿಂಪಿಕ್‌ವರೆಗೆ ನನಗೆ ಏಲಕ್ಕಿ ಬಾಳೆ, ಶೇಂಗಾ ಚಿಕ್ಕಿಯಲ್ಲಿ ನಡೆದಿದೆ. ಬಿಸಿಲಲ್ಲಿ ಚಿಕ್ಕಿ ಪ್ಯಾಕೆಟ್ಟಿಗೆ ಅಂಟಿಕೊಳ್ಳುತ್ತದೆ, ಅದಕ್ಕೆ ಮೊದಲೇ ತುಂಡು ಮಾಡಿ ಬಟರ್ ಪೇಪರಿನಲ್ಲಿ ಸುತ್ತಿಡಿ. ರೇಸಿನ ದಿನ ಬೆಳಗ್ಗೆ ಎರಡು ಇಡ್ಲಿ, ಮೇಲೆ ಸಕ್ಕರೆ, ಸಾಂಬಾರ್ ಬೇಡ. ಏನೇ ತಿಂದರೂ ಅಭ್ಯಾಸದ ದಿನ ತಿಂದು ನೋಡಿದ್ದೇ ಆಗಿರಲಿ.

ಇನ್ನೂ ತೀರ್ಮಾನವಾಗಿಲ್ಲ ಅಂದರೆ ಚೀಟಿ ತೆಗೆಯಿರಿ. ನೂರು ಮೀಟರ್ ಈಜು, ವಾರಕ್ಕೆ ನಾಲ್ಕು ಗಂಟೆ: ಈ ವರ್ಷ ಡುಯಥ್ಲಾನ್, ಮುಂದಿನ ವರ್ಷ ಸ್ಪ್ರಿಂಟ್. ನಾನೂರು ಮೀಟರ್, ಆರು ಗಂಟೆ, ಹಳೆಯ ಗೇರ್ ಸೈಕಲ್: ಸ್ಪ್ರಿಂಟ್, ಯೋಚನೆ ಬೇಡ. ಎಂಟುನೂರು ಮೀಟರ್, ಓಟ ಗಟ್ಟಿ: ಒಲಿಂಪಿಕ್. ಒಂದೂವರೆ ಕಿ.ಮೀ. ಈಜು, ರೋಡ್ ಸೈಕಲ್, ವಾರಕ್ಕೆ ಹತ್ತು ಗಂಟೆ, ಮನೆಯವರ ಒಪ್ಪಿಗೆ: ಗೋವಾ. ಈಜು ಒಂದು ಸಾಲಿನಲ್ಲಿ, ಸಮಯ ಇನ್ನೊಂದು ಸಾಲಿನಲ್ಲಿ ಬಂದರೆ ಎರಡರಲ್ಲಿ ಸಣ್ಣ ರೇಸನ್ನೇ ಹಿಡಿಯಿರಿ.

ನಮ್ಮ ಕಡೆ ರೇಸುಗಳು ಹೆಚ್ಚಾಗಿ ಮಳೆ ನಿಂತ ಮೇಲೆ, ಬೇಸಿಗೆ ಏರುವ ಮೊದಲು. ಹಾಗಾಗಿ ಜೂನ್ ಜುಲೈನಲ್ಲಿ ಶುರು ಮಾಡಿದರೆ ಲೆಕ್ಕ ಸರಿಹೋಗುತ್ತದೆ, ಬೇಸಿಗೆ ಶಿಬಿರದ ಮಕ್ಕಳು ಹೋಗಿ ಕೊಳವೂ ಖಾಲಿ ಇರುತ್ತದೆ. ಮೂರನೇ ವಾರದಿಂದ ಸೈಕಲ್ ಇಳಿದ ಕೂಡಲೇ ಹತ್ತು ನಿಮಿಷ ಓಡಿ. ಮೊದಲ ದಿನ ಕಾಲು ನಿಮ್ಮದಲ್ಲ, ಯಾರದೋ ಎರವಲು ತಂದದ್ದು ಅನ್ನಿಸುತ್ತದೆ. ಮತ್ತೆ ಈ ಭಾನುವಾರ ಮಳೆ ಬಂದು ಮನೆಯಲ್ಲೇ ಉಳಿದರೆ ವೆರಾಂಡದಲ್ಲಿ ಹಳೆಯ ಪೇಪರ್ ಹಾಸಿ, ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ತೆಗೆದು ಮತ್ತೆ ಹಾಕಿ ನೋಡಿ. ಗಾಳಿ ಸ್ವಲ್ಪ ಹಾಕಿ, ಆಮೇಲೆ ಟಯರ್ ಕೂರಿಸಿ.